ಎದುರು ಮನೆಯಿಂದ ದೆಹಲಿಗೆ ಎರಡೂವರೆ ಗಂಟೆ

ಬೆಂಗಳೂರಿನಿಂದ ದೆಹಲಿಗೆ ವಿಮಾನದಲ್ಲಿ ಎರಡೂವರೆ ಗಂಟೆ. ತೊಂಬತ್ತರ ದಶಕದ ಕೊನೆಯ ಆ ಚಳಿಗಾಲದಲ್ಲಿ ನಮ್ಮ ಮನೆಯಲ್ಲಿ ಈ ಮಾತನ್ನು ಎಷ್ಟು ಸಲ ಆಡಿದ್ದೇವೆಂದರೆ, ಹಾಲು ಹಾಕುವವನಿಗೂ ಅದು ಬಾಯಿಪಾಠವಾಗಿತ್ತು. ನನ್ನ ಅತ್ತೆ, ಅಂದರೆ ಗಂಡನ ತಾಯಿ, ಅಲ್ಲಿಯವರೆಗೆ ವಿಮಾನವನ್ನು ನೋಡಿದ್ದು ಅದು ತಲೆಯ ಮೇಲೆ ಹಾದುಹೋಗುವಾಗ ಮಾತ್ರ. ಅಂಥವರು ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡುತ್ತ ಮಾಡುತ್ತಲೇ, "ಎರಡೂವರೆ ಗಂಟೆ ಕಣಮ್ಮ, ನಂಜನಗೂಡಿಗೆ ಹೋಗಿ ದರ್ಶನ ಮಾಡ್ಕೊಂಡು ಬರೋಷ್ಟು ಹೊತ್ತು" ಎನ್ನುತ್ತಿದ್ದರು. ಸೊಪ್ಪಿನವಳು ದೆಹಲಿಗೆ ಹೊರಟವರು ದಂಟಿನ ಸೊಪ್ಪಿಗೆ ಇಷ್ಟು ಚೌಕಾಸಿ ಮಾಡುತ್ತಾರಲ್ಲ ಎಂಬಂತೆ ನೋಡುತ್ತಿದ್ದಳು.

ಈ ಲೆಕ್ಕದಲ್ಲಿ ಒಂದು ಸಣ್ಣ ವಿಷಯ ಬಿಟ್ಟುಹೋಗಿತ್ತು. ನಾವಿದ್ದದ್ದು ಬೆಂಗಳೂರಿನಲ್ಲಲ್ಲ, ಮೈಸೂರಿನ ವಿದ್ಯಾರಣ್ಯಪುರಂನಲ್ಲಿ. ನಮ್ಮ ಊರಿಗೂ ಮಂಡಕಳ್ಳಿಯಲ್ಲಿ ವಿಮಾನ ನಿಲ್ದಾಣವೆಂಬ ಬಯಲೊಂದು ಇತ್ತು, ವಿಮಾನ ಮಾತ್ರ ಇರಲಿಲ್ಲ. ಹಾಗಾಗಿ ಎರಡೂವರೆ ಗಂಟೆ ಹಾರಬೇಕೆಂದರೆ ಮೊದಲು ಅರ್ಧ ದಿನ ನೆಲದ ಮೇಲೆ ಕುಲುಕಾಡಬೇಕು. ಇದನ್ನು ನಾನು ಹೇಳಿದಾಗಲೆಲ್ಲ ಅತ್ತೆ, "ಅದು ದಾರಿ ಕಣೇ, ಅದನ್ನ ಯಾರಾದ್ರೂ ಲೆಕ್ಕಕ್ಕೆ ಹಿಡೀತಾರಾ?" ಎಂದು ಬಾಯಿ ಮುಚ್ಚಿಸುತ್ತಿದ್ದರು.

ಹೊರಟಿದ್ದು ನನ್ನ ನಾದಿನಿಯ ಹೆರಿಗೆಗೆ. ಮದುವೆಯಾಗಿ ದೆಹಲಿ ಸೇರಿದ್ದ ಅವಳು ಪದ್ಧತಿಯಂತೆ ತವರಿಗೇ ಬರಬೇಕಿತ್ತು. ಆದರೆ ಹಿಂದೊಮ್ಮೆ, ನಾನು ಈ ಮನೆಗೆ ಸೊಸೆಯಾಗಿ ಬರುವ ಮುಂಚೆ, ಏಳನೇ ತಿಂಗಳಿನಲ್ಲಿ ಅವಳ ಮಗು ಹೋಗಿತ್ತು. ಈ ಸಲ ಡಾಕ್ಟರು ಪ್ರಯಾಣ ಕೂಡದೆಂದು ಕಟ್ಟುನಿಟ್ಟಾಗಿ ಹೇಳಿಬಿಟ್ಟಿದ್ದರು. ಮಗಳು ಬರುವ ಹಾಗಿಲ್ಲ ಎಂದಮೇಲೆ ತಾಯಿಯೇ ಹೋಗಬೇಕು, ಅದೂ ನೋವು ಶುರುವಾಗುವ ಮೊದಲೇ ಹೋಗಿ ಪಕ್ಕದಲ್ಲಿರಬೇಕು. ಅತ್ತೆಗೆ ಆ ತಿಂಗಳು ಬೇರೆ ಯೋಚನೆಯೇ ಇರಲಿಲ್ಲ. ರೈಲಿನಲ್ಲಿ ಎರಡು ರಾತ್ರಿ ಕೂರಲು ಅವರ ಮಂಡಿ ಒಪ್ಪುವುದಿಲ್ಲವೆಂದು ಅಳಿಯಂದಿರು ವಿಮಾನದ ಟಿಕೆಟ್ ತೆಗೆಸಿದರು. ಒಂದು ಅತ್ತೆಗೆ, ಇನ್ನೊಂದು ಜೊತೆಗೆ ಹೋಗಿ ಬಿಟ್ಟುಬರಲು ನನಗೆ. ನನ್ನ ಗಂಡನಿಗೆ ಆಫೀಸಿನಲ್ಲಿ ರಜೆ ಇರಲಿಲ್ಲ. ನನಗೆ ಕೆಲಸವಿರಲಿಲ್ಲ, ಅಂದರೆ ಬೆಳಗಿನಿಂದ ರಾತ್ರಿಯವರೆಗೆ ನಾನು ಮಾಡುತ್ತಿದ್ದದ್ದನ್ನು ಆ ಮನೆಯಲ್ಲಿ ಯಾರೂ ಕೆಲಸವೆಂದು ಕರೆಯುತ್ತಿರಲಿಲ್ಲ.

ಟಿಕೆಟ್ ಬಂದ ದಿನವೇ ನನ್ನ ಮಾವ ಅಟ್ಲಾಸ್ ತೆಗೆದು ಕೂತರು. ಅವರು ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡಿ ನಿವೃತ್ತರಾದವರು. ನಿವೃತ್ತಿ ಸಿಕ್ಕಿದ್ದು ಮಾಸ್ತರಿಕೆಗೆ ಮಾತ್ರ, ಭೂಗೋಳಕ್ಕಲ್ಲ. ಅತ್ತೆ ಹೂ ಕಟ್ಟಲು ಇಟ್ಟುಕೊಂಡಿದ್ದ ದಾರವನ್ನು ಎಳೆದುಕೊಂಡು ಒಂದು ತುದಿಯನ್ನು ಮೈಸೂರಿನ ಮೇಲೂ ಇನ್ನೊಂದನ್ನು ದೆಹಲಿಯ ಮೇಲೂ ಹಿಡಿದು, ಸ್ಕೇಲಿಟ್ಟು ಅಳೆದರು.

"ಸಾವಿರದ ಎಂಟುನೂರು ಕಿಲೋಮೀಟರು, ಸುಮಾರಾಗಿ" ಎಂದು ಘೋಷಿಸಿದರು. "ನೋಡಿಲ್ಲಿ, ದಾರ ಎಷ್ಟು ನೆಟ್ಟಗೆ ನಿಂತಿದೆ! ಮೈಸೂರಿಂದ ದೆಹಲಿ ನೇರ ಉತ್ತರ. ಆ ಕಡೆ ಈ ಕಡೆ ಏನೂ ಇಲ್ಲ. ದೇಶದಲ್ಲಿ ಎಷ್ಟು ಊರಿಗೆ ಈ ಭಾಗ್ಯ ಇದೆ?"

ನೇರ ಉತ್ತರವೆಂಬ ಈ ಭಾಗ್ಯವೇ ಮುಂದೆ ಕುತ್ತಿಗೆಗೆ ಬಂತು. ಟಿಕೆಟ್ ಇದ್ದದ್ದು ಬುಧವಾರಕ್ಕೆ. ಅತ್ತೆ ಗೋಡೆಯ ಮೇಲಿದ್ದ ಪಂಚಾಂಗದ ಕ್ಯಾಲೆಂಡರಿನ ಹತ್ತಿರ ಹೋಗಿ ಕನ್ನಡಕ ಸರಿಮಾಡಿಕೊಂಡು ನೋಡಿದವರು, ಹಾಗೆಯೇ ನೆಲದ ಮೇಲೆ ಕೂತುಬಿಟ್ಟರು. ಮಂಗಳವಾರ ಮತ್ತು ಬುಧವಾರ ಉತ್ತರ ದಿಕ್ಕಿಗೆ ಶೂಲೆ, ಆ ಕಡೆಗೆ ಹೊರಡಬಾರದು. ವಿಮಾನದವರು ವಾರಶೂಲೆ ನೋಡಿ ವಿಮಾನ ಬಿಡುವುದಿಲ್ಲವಲ್ಲ ಎಂದು ನಾನೆಂದೆ. "ಅದಕ್ಕೇ ಅವು ಬೀಳೋದು" ಎಂದರು ಅತ್ತೆ.

ಟಿಕೆಟ್ ಬದಲಾಯಿಸಲು ಆಗುತ್ತಿರಲಿಲ್ಲ. ಆದರೆ ನಮ್ಮ ಹಿರಿಯರು ದಾರಿ ತೋರಿಸದೆ ಹೋದವರಲ್ಲ. ಇದಕ್ಕೆ ಪ್ರಸ್ಥಾನ ಇಡುವುದು ಎನ್ನುತ್ತಾರೆ. ಹೊರಡುವ ದಿನ ಚೆನ್ನಾಗಿಲ್ಲದಿದ್ದರೆ ಅದಕ್ಕೂ ಮೊದಲೇ ಒಂದು ಒಳ್ಳೆಯ ಗಳಿಗೆಯಲ್ಲಿ, ಹೋಗಬೇಕಾದ ದಿಕ್ಕಿನಲ್ಲಿರುವ ಬೇರೆಯವರ ಮನೆಯಲ್ಲಿ ನಮ್ಮದೊಂದು ಗಂಟನ್ನು ಇಟ್ಟುಬರಬೇಕು. ಗಂಟು ಹೊರಟಿತೆಂದರೆ ನಾವೂ ಹೊರಟ ಹಾಗೆ. ಆಮೇಲೆ ನಿಜವಾಗಿ ಹೋಗುವ ದಿನ ಅಲ್ಲಿಗೆ ಹೋಗಿ ಗಂಟನ್ನು ಎತ್ತಿಕೊಂಡು ಮುಂದೆ ನಡೆಯುವುದು. ಕೈಗೆ ಗಂಟು ಬಂದಮೇಲೆ ಮಾತ್ರ ಹಿಂದಿರುಗಿ ಮನೆಯೊಳಗೆ ಕಾಲಿಡುವ ಹಾಗಿಲ್ಲ. ಕಾಲಿಟ್ಟರೆ ಪ್ರಯಾಣ ಕೆಟ್ಟಿತು. ಗ್ರಹಗಳ ಕಣ್ಣಿಗೆ ಮಣ್ಣೆರಚಲು ಇಷ್ಟು ಅಚ್ಚುಕಟ್ಟಾದ ಉಪಾಯ ಕಂಡುಹಿಡಿದವರು ಬೇರೆ ಏನು ಬೇಕಾದರೂ ಕಂಡುಹಿಡಿಯಬಹುದಿತ್ತು ಎಂದು ನನಗೆ ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ.

ತೊಡಕಿದ್ದದ್ದು ದಿಕ್ಕಿನಲ್ಲಿ. ನಮ್ಮ ಮನೆಯ ಬಾಗಿಲು ಉತ್ತರಕ್ಕೆ. ಬಾಗಿಲಿಂದ ನೇರ ಉತ್ತರಕ್ಕೆ ರಸ್ತೆ ದಾಟಿದರೆ ಎದುರು ಮನೆ. ಆ ಮನೆಯಾಕೆಯೊಂದಿಗೆ ಅತ್ತೆ ಮಾತು ಬಿಟ್ಟು ಎರಡು ವರ್ಷವಾಗಿತ್ತು.

ಜಗಳಕ್ಕೆ ಮೂಲ ಅವರ ಕಾಂಪೌಂಡಿನ ನುಗ್ಗೆಮರ. ನಮ್ಮದು ಕಿರಿದಾದ ಅಡ್ಡರಸ್ತೆ. ಮರ ರಸ್ತೆಯ ಮೇಲೆ ಪೂರ್ತಿ ಬಾಗಿ, ಕೊಂಬೆಯ ತುದಿಯನ್ನು ನಮ್ಮ ಗೇಟಿನವರೆಗೆ ಚಾಚಿತ್ತು. ಒಂದು ಬೆಳಿಗ್ಗೆ ಅತ್ತೆ ರಂಗೋಲಿ ಹಾಕಲು ಬಗ್ಗಿದಾಗ ಕಂಬಳಿಹುಳು ಅವರ ಕತ್ತಿನ ಮೇಲೆ ಬಿತ್ತು. ಕೆಂಪಗೆ ದದ್ದು ಎದ್ದು, ಸುಣ್ಣ, ವಿಭೂತಿ, ಕೊಬ್ಬರಿ ಎಣ್ಣೆ ಎಲ್ಲ ಹಚ್ಚಿ, ಕೊನೆಗೆ ಮರ ಕಡಿಸಿ ಎಂದು ಹೇಳಲು ಹೋದರು. ಎದುರು ಮನೆಯಾಕೆ ತಿರುಮಕೂಡಲಿನ ಕಡೆಯ ಒಕ್ಕಲು ಮನೆತನದವರು, ಗಟ್ಟಿ ಗಂಟಲು, ಒಬ್ಬರೇ ಇದ್ದರು. "ನಮ್ ಮರದ್ ಕಾಯಿ ಮುರ್ಕೊಂಡ್ ತಿನ್ನೋವಾಗ ಹುಳ ಕಾಣ್ನಿಲ್ವಾ?" ಎಂದುಬಿಟ್ಟರು. ಅಂದಿನಿಂದ ಅತ್ತೆ ಮಾರ್ಕೆಟ್ಟಿನಿಂದ ನುಗ್ಗೆಕಾಯಿ ಕೊಂಡು ತಂದು, ಚೀಲದಿಂದ ಹೊರಗೆ ಕಾಣುವ ಹಾಗೆ ಹಿಡಿದು, ಆ ಮನೆಯ ಮುಂದೆ ನಿಧಾನವಾಗಿ ನಡೆದು ಬರುತ್ತಿದ್ದರು.

"ರೀ, ದೆಹಲಿ ಒಂಚೂರು ಈಶಾನ್ಯಕ್ಕೆ ಬರಲ್ವಾ?" ಎಂದು ಅತ್ತೆ ಮಾವನನ್ನು ಕೇಳಿದರು. ಈಶಾನ್ಯದ ಮೂಲೆಮನೆಯವರು ಅವರಿಗೆ ಬೇಕಾದವರು.

"ನಿನ್ನ ಅನುಕೂಲಕ್ಕೆ ರಾಜಧಾನಿ ಜರುಗಿಸಕ್ಕಾಗಲ್ಲ ಕಣೇ" ಎಂದರು ಮಾವ, ದಾರವನ್ನು ಇನ್ನಷ್ಟು ಬಿಗಿಯಾಗಿ ಹಿಡಿದು.

ಹಾಗಾಗಿ ಸೋಮವಾರ ರಾಹುಕಾಲ ಕಳೆದಮೇಲೆ ನಾನೇ ರಾಯಭಾರಿಯಾಗಿ ಗಂಟು ಹಿಡಿದು ರಸ್ತೆ ದಾಟಿದೆ. ಒಂದು ಸೀರೆ, ಹಿಡಿ ಅಕ್ಕಿ, ಅರಿಸಿನದ ಕೊಂಬು, ಎಲೆ ಅಡಿಕೆ, ತೆಂಗಿನಕಾಯಿ, ಇಷ್ಟನ್ನು ಬಟ್ಟೆಯ ಚೀಲದಲ್ಲಿ ಹಾಕಿ ಕಟ್ಟಿತ್ತು. ಬೈಗುಳಕ್ಕೆ ತಯಾರಾಗಿಯೇ ಹೋಗಿದ್ದೆ. ಎದುರು ಮನೆಯಾಕೆ ಬಾಗಿಲಲ್ಲೇ ನಿಂತು ನನ್ನನ್ನೂ ಗಂಟನ್ನೂ ನೋಡಿದರು. ವಿಷಯ ಹೇಳಿದೆ.

"ಮಗಳ ಬಾಣಂತನಕ್ಕೆ ಹೋಗೋ ಗಂಟಾ?" ಎಂದರು. ತಕ್ಷಣ ಸೆರಗಿಗೆ ಕೈಯೊರೆಸಿಕೊಂಡು ಎರಡೂ ಕೈಯಲ್ಲಿ ತೆಗೆದುಕೊಂಡರು. "ದೇವ್ರ ಮುಂದೆ ಮಡಗ್ತೀನಿ. ನಿಮ್ಮತ್ತೆಗೆ ಯೋಳು, ಮರದ ಇಚಾರ ಬ್ಯಾರೆ, ಇದು ಬ್ಯಾರೆ."

ಅತ್ತೆ ಇದನ್ನು ಕೇಳಿ, "ಅಷ್ಟಾದ್ರೂ ತಿಳ್ಕೊಂಡಿದಾಳಲ್ಲ" ಎಂದರು. ಅವರ ಮಟ್ಟಿಗೆ ಅದು ಹೊಗಳಿಕೆ.

ಬುಧವಾರ ಬೆಳಗಾಗುವ ಮುಂಚೆ ಟ್ಯಾಕ್ಸಿ ಬಂತು. ಅತ್ತೆ ಮನೆಯಿಂದ ಇಳಿದು, ರಸ್ತೆ ದಾಟಿ, ಎದುರು ಮನೆಯ ಜಗಲಿಯಲ್ಲಿ ನಿಂತು ಮಾತಿಲ್ಲದೆ ಕೈ ಚಾಚಿದರು. ಅವರೂ ಮಾತಿಲ್ಲದೆ ಗಂಟು ಕೊಟ್ಟರು. ನನ್ನ ಗಂಡ ಆಫೀಸಿಗೆ ಅರ್ಧ ದಿನ ರಜೆ ಹಾಕಿ, ನಮ್ಮನ್ನು ಹತ್ತಿಸಿ ಬರುತ್ತೇನೆಂದು ಮುಂದೆ ಕೂತರು. ಮಂಡ್ಯದಲ್ಲಿ ಕಾಫಿ, ರಾಮನಗರದಲ್ಲಿ ಲಾರಿಗಳ ಸಾಲು, ಬೆಂಗಳೂರಿನಲ್ಲಿ ಊರೆಲ್ಲ ಸುತ್ತಿ ಆ ತುದಿಯಲ್ಲಿದ್ದ ನಿಲ್ದಾಣ. ಲೆಕ್ಕಕ್ಕೆ ಹಿಡಿಯಬಾರದ ದಾರಿಯಲ್ಲಿ ಅತ್ತೆಯ ಮಂಡಿ ಊದಿಕೊಂಡಿತ್ತು.

ಒಳಗೆ ಹೋಗಿ ಕೂತೆವು. ವಿಮಾನ ತಡ ಎಂದರು. ಸ್ವಲ್ಪ ಹೊತ್ತಿನ ಮೇಲೆ ಇನ್ನೂ ತಡ ಎಂದರು. ದೆಹಲಿಯಲ್ಲಿ ಮಂಜು ಮುಸುಕಿ, ಅಲ್ಲಿಂದ ವಿಮಾನವೇ ಹೊರಟಿಲ್ಲವಂತೆ. "ಮಂಜಾ? ನಮ್ಮ ಚಾಮುಂಡಿಬೆಟ್ಟದ ಮೇಲೆ ದಿನಾ ಇರುತ್ತಲ್ಲ, ಅದಕ್ಕೆ ಸಿಟಿ ಬಸ್ಸು ನಿಲ್ಲುತ್ತಾ?" ಎಂದು ಅತ್ತೆ ಕೌಂಟರಿನ ಹುಡುಗಿಯನ್ನು ಕೇಳಿದರು. ಅವಳು ಇಂಗ್ಲಿಷಿನಲ್ಲಿ ನಕ್ಕಳು. ಕಟ್ಟಿಕೊಂಡು ಹೋಗಿದ್ದ ಚಪಾತಿ ಮುಗಿಯಿತು, ಮೊಸರನ್ನ ಹುಳಿಯಾಯಿತು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಈವತ್ತಿನದು ರದ್ದು, ಶುಕ್ರವಾರದ ವಿಮಾನಕ್ಕೆ ಜಾಗ ಕೊಡುತ್ತೇವೆ ಎಂದರು. ನನ್ನ ಗಂಡ ಹೊರಗೆ ಟ್ಯಾಕ್ಸಿಯೊಂದಿಗೆ ಕಾದಿದ್ದರು. ಬೂತಿನಿಂದ ದೆಹಲಿಗೆ ಫೋನ್ ಮಾಡಿ ನಾದಿನಿಯ ಗಂಡ ಭಾವನವರಿಗೆ ಸುದ್ದಿ ಮುಟ್ಟಿಸಿದರು. ಅವರು, "ರದ್ದಾಯ್ತು ಅಂತ ಇವಳಿಗೆ ಈಗಲೇ ಹೇಳಲ್ಲ, ಮಂಜಿಗೆ ತಡ ಅಂತಷ್ಟೇ ಹೇಳ್ತೀನಿ, ಸುಮ್ಮನೆ ಗಾಬರಿಯಾಗ್ತಾಳೆ" ಎಂದರಂತೆ. ಟ್ಯಾಕ್ಸಿ ಹೇಗೂ ಮೈಸೂರಿಗೆ ಹೋಗುವುದೇ ಅಲ್ಲವೇ ಎಂದು ನಾವೂ ಅದರಲ್ಲೇ ಕೂತೆವು. ಅತ್ತೆ ದಾರಿಯುದ್ದಕ್ಕೂ ಗಂಟನ್ನು ತೊಡೆಯ ಮೇಲಿಂದ ಇಳಿಸಲಿಲ್ಲ.

ಮನೆ ಮುಂದೆ ಟ್ಯಾಕ್ಸಿ ನಿಂತಿತು. ಮಾವ ಗೇಟು ತೆಗೆದರು. ನಾನು ಸೂಟ್‌ಕೇಸು ಹಿಡಿದು ಒಳಗೆ ಹೋದೆ. ಹಿಂದೆ ನೋಡಿದರೆ ಅತ್ತೆ ರಸ್ತೆಯ ಮಧ್ಯದಲ್ಲಿ ನಿಂತಿದ್ದಾರೆ.

"ಒಳಗೆ ಬಾರೇ" ಎಂದರು ಮಾವ.

"ಬರಲ್ಲ. ನಾನು ಹೊರಟಾಗಿದೆ."

"ವಿಮಾನ ರದ್ದಾಯ್ತಲ್ಲೇ!"

"ವಿಮಾನ ರದ್ದಾಯ್ತು. ನಾನು ರದ್ದಾಗಿಲ್ಲ" ಎಂದವರೇ ತಿರುಗಿ ಎದುರು ಮನೆಯ ಗೇಟು ತಳ್ಳಿದರು. ಆ ಮನೆಯ ದೀಪ ಹೊತ್ತಿತು. "ಅಯ್ಯೋ, ಬಂದ್ಬುಟ್ರಾ?" ಎಂಬ ಗಟ್ಟಿ ದನಿ ಕೇಳಿಸಿತು. ಅತ್ತೆ ಏನು ಹೇಳಿದರೋ ತಿಳಿಯಲಿಲ್ಲ. ಬಾಗಿಲು ಮುಚ್ಚಿಕೊಂಡಿತು, ಅತ್ತೆ ಒಳಗೇ ಉಳಿದರು. ನಾವು ಮೂವರೂ ನಮ್ಮ ಗೇಟಿನಲ್ಲಿ ನಿಂತು ಎರಡು ವರ್ಷದ ಹಗೆಯ ಬಾಗಿಲನ್ನು ನೋಡಿದೆವು.

ನನಗೆ ಆ ರಾತ್ರಿ ಸಿಟ್ಟು ಬಂದಿತ್ತು, ಅದನ್ನೇನು ಮುಚ್ಚಿಡಲಿ. ಬೆಳಗಿನಿಂದ ಕುಲುಕಿಸಿಕೊಂಡು ಬಂದ ಮೈ. ಪ್ರಸ್ಥಾನದ ಗಂಟಿನಲ್ಲಿ ನಿನ್ನದೂ ಒಂದು ಸೀರೆ ಇಡು ಎಂದು ಅತ್ತೆ ಹೇಳಿದ್ದಾಗ, ನನಗೆ ಇದರಲ್ಲೆಲ್ಲ ನಂಬಿಕೆಯಿಲ್ಲ ಎಂದು ಜಂಬ ಮಾಡಿದ್ದೆ. ನಂಬಿಕೆಯಿಲ್ಲದವಳು ಮನೆಯೊಳಗೆ ಹೋಗಬಹುದಿತ್ತು, ಹೋಗಿ ನಾಲ್ಕು ಜನರಿಗೆ ಅಡುಗೆಯನ್ನೂ ಮಾಡಬಹುದಿತ್ತು. ಅದರಲ್ಲಿ ಒಬ್ಬರ ಊಟವನ್ನು ಡಬ್ಬಿಗೆ ಹಾಕಿ ರಸ್ತೆ ದಾಟಿಸಬೇಕಿತ್ತು.

ಬೆಳಿಗ್ಗೆ ಕಾಫಿ ಹಿಡಿದು ಹೋದೆ. ಅತ್ತೆ ಹಿತ್ತಲಿನಲ್ಲಿ ಸ್ನಾನಕ್ಕೆ ಹೋಗಿದ್ದರು. ಎದುರು ಮನೆಯಾಕೆ ನನ್ನನ್ನು ಅಡುಗೆಮನೆಗೆ ಕರೆದು, ದನಿ ತಗ್ಗಿಸಿ, ಅಂದರೆ ಅವರ ಮಟ್ಟಿಗೆ ತಗ್ಗಿಸಿ, ಹೇಳಿದರು:

"ಅವ್ರನ್ನ ಮನೆಗೆ ಕರೀಬ್ಯಾಡಿ ಕಣಮ್ಮ. ಹೋದ್ ಸಲ ಮಗಳನ್ನ ಕರ್ಕೊಂಡ್ ಬರಾಕೆ ಬೆಂಗ್ಳೂರ್ ಗಂಟ ಹೋಗಿದ್ರಂತೆ. ಏನೋ ಗಲಾಟೆ ಅಂತ ರೈಲು ನಿಂತೋಗಿ, ವಾಪಸ್ ಮನೆಗೆ ಬಂದ್ಬುಟ್ರಂತೆ. ಅದಾಗಿ ಎಲ್ಡು ದಿನಕ್ಕೆ ಅಲ್ಲಿಂದ ಆ ಸುದ್ದಿ ಬಂತಂತೆ. ರಾತ್ರಿಯೆಲ್ಲ ಅದನ್ನೇ ಯೋಳಿದ್ರು. ನಾ ವಾಪಸ್ ಬರಬಾರ್ದಿತ್ತು, ನಾ ವಾಪಸ್ ಬರಬಾರ್ದಿತ್ತು ಅಂತ."

ಮಗು ಹೋದದ್ದು ನನಗೆ ಗೊತ್ತಿತ್ತು. ಅತ್ತೆ ಅರ್ಧ ದಾರಿ ಹೋಗಿ ಹಿಂದಿರುಗಿದ್ದು ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಅದನ್ನು ಯಾರೂ ಆಡಿರಲಿಲ್ಲ. ನನ್ನ ಸಿಟ್ಟು ಅಲ್ಲೇ ಇಳಿದುಹೋಯಿತು. ಕಾಫಿ ಲೋಟ ಅಲ್ಲಿಟ್ಟು ಬಂದೆ.

ನಾನು ಗೇಟು ದಾಟುವಷ್ಟರಲ್ಲಿ ನಮ್ಮ ಮನೆಯ ಫೋನ್ ಹೊಡೆದುಕೊಳ್ಳತೊಡಗಿತು. ಎದುರು ಮನೆಗೆ ಫೋನ್ ಇರಲಿಲ್ಲ. ಜಗಳಕ್ಕೆ ಮುಂಚೆ ಅವರಿಗೆ ಬರುವ ಕರೆಯೂ ನಮ್ಮಲ್ಲಿಗೇ ಬರುತ್ತಿತ್ತು. ಎತ್ತಿದರೆ ದೆಹಲಿಯಿಂದ ಭಾವ. ನೋವು ಕಾಣಿಸಿಕೊಂಡಿದೆ, ಎಣಿಸಿದ್ದಕ್ಕಿಂತ ಒಂದು ವಾರ ಮೊದಲೇ. ಈಗ ಆಸ್ಪತ್ರೆಯಲ್ಲಿದ್ದೇವೆ ಎಂದರು.

ನಾನು ಹಜಾರದಿಂದ ಕೂಗಿದೆ. ಮಾವ ಬಾಗಿಲಲ್ಲಿ ನಿಂತು ಅದನ್ನೇ ರಸ್ತೆಗೆ ಕೂಗಿದರು. ಅತ್ತೆ ಒದ್ದೆ ತಲೆಗೆ ಬಟ್ಟೆ ಸುತ್ತಿಕೊಂಡು ಎದುರಿನ ಗೇಟಿಗೆ ಓಡಿಬಂದರು.

"ನೋವು ಎಷ್ಟು ಹೊತ್ತಿಗೊಂದ್ಸಲ ಬರ್ತಿದೆ ಅಂತ ಕೇಳ್ರೀ!"

ಮಾವ ಕೇಳಿದರು, ನಾನು ಕೇಳಿದೆ, ಭಾವ ಹೇಳಿದರು, ನಾನು ಹೇಳಿದೆ, ಮಾವ ಅದನ್ನು ತರಗತಿಯ ಕೊನೆಯ ಬೆಂಚಿಗೂ ಕೇಳಿಸುವ ದನಿಯಲ್ಲಿ ಸಾರಿದರು. "ಸೊಂಟ ನೋಯ್ತಿದ್ಯಾ, ಕಿಬ್ಬೊಟ್ಟೆನಾ ಕೇಳಿ!" ಅದೂ ಹೋಗಿ ಬಂತು. "ನೀರು ಹೋಗಿದ್ಯಾ ಕೇಳಿ!" ಇದನ್ನು ಮಾತ್ರ ಮಾವ ಕೂಗದೆ, ಒಳಗೆ ತಲೆ ಹಾಕಿ ನನಗೆ ಪಿಸುಗುಟ್ಟಿದರು. ಮೂಲೆಮನೆಯವರು ಹೊರಗೆ ಬಂದು ನಿಂತಿದ್ದರು. ಹಾಲಿನವನು ಸೈಕಲ್ ನಿಲ್ಲಿಸಿ, ಉತ್ತರಕ್ಕಾಗಿ ಮಾವನ ಮುಖವನ್ನೇ ನೋಡುತ್ತಿದ್ದ.

"ಇದೇನ್ರೀ, ಇಡೀ ಬೀದೀಲಿ ಎರಿಗೆ ಮಾಡುಸ್ತಿದ್ದೀರಿ!" ಎಂದು ಎದುರು ಮನೆಯಾಕೆ ಗುಡುಗಿದರು. "ಮೇಷ್ಟ್ರೇ, ಆ ಫೋನಿಗೆ ಉದ್ದಾಗಿ ವೈರ್ ಆಕಿ ಇಲ್ಲಿಗೇ ತಂದ್ಬುಡಿ."

"ರಸ್ತೆಗೆ ಅಡ್ಡ ವೈರ್ ಎಳೆಯೋದು ಕಾನೂನುಬಾಹಿರ" ಎಂದರು ಮಾವ.

"ರಸ್ತೆ ಮೇಲ್ ಯಾಕ್ ಎಳೀತೀರಿ? ಮರ ಇಲ್ವಾ?"

ಮಾವ ತಲೆಯೆತ್ತಿ ನುಗ್ಗೆಮರವನ್ನು ನೋಡಿದರು. ಅವರೆಡೆಯಿಂದ ನಮ್ಮ ಗೇಟಿನವರೆಗೆ ಅದು ಕೈ ಚಾಚಿಕೊಂಡು ನಿಂತಿತ್ತು. ಅವರು ಚಪ್ಪಲಿ ಮೆಟ್ಟಿ ಸರ್ಕಲ್ಲಿನ ಎಲೆಕ್ಟ್ರಿಕಲ್ ಅಂಗಡಿಗೆ ಹೋದ ವೇಗವನ್ನು ನಾನು ಅದಕ್ಕೆ ಮೊದಲೂ ನೋಡಿಲ್ಲ, ಆಮೇಲೂ ನೋಡಲಿಲ್ಲ. ವೈರಿನ ಸುರುಳಿ ಬಂತು. ಎದುರು ಮನೆಯಾಕೆ ನುಗ್ಗೆಕಾಯಿ ಕೀಳುವ ದೋಟಿಯ ತುದಿಗೆ ವೈರು ಸಿಕ್ಕಿಸಿ ಕೊಂಬೆಯಿಂದ ಕೊಂಬೆಗೆ ದಾಟಿಸಿದರು. ಮಾವ ನಮ್ಮ ಕಡೆಯಲ್ಲಿ ಸ್ಟೂಲು ಹತ್ತಿ ಹಿಡಿದುಕೊಂಡರು. ಹಿಡಿಯುವಾಗಲೇ ಅಂಗಿಯೊಳಗೆ ಕಂಬಳಿಹುಳು ಬಿತ್ತು.

"ನಾನು ಹೇಳಿದ್ದು ಸುಳ್ಳಾ?" ಎಂದು ಅತ್ತೆ ಎದುರು ಜಗಲಿಯಿಂದ ಕೂಗಿದರು. ಅಂಥ ಹೊತ್ತಿನಲ್ಲೂ ಅವರು ಅದನ್ನು ಬಿಟ್ಟುಕೊಡಲಿಲ್ಲ.

"ಆಯ್ತು ಕಣ್ರೀ, ಉಳ ಐತೆ, ಒಪ್ಕೊಂಡೆ" ಎಂದರು ಎದುರು ಮನೆಯಾಕೆ. ಎರಡು ವರ್ಷದ ಜಗಳ ಅಲ್ಲಿಗೆ ಮುಗಿಯಿತು. ಮಾವ ಮೈ ಕೆರೆದುಕೊಳ್ಳುತ್ತಲೇ ಎರಡು ತಂತಿಗಳನ್ನು ಹೊಸೆದು ಟೇಪು ಸುತ್ತಿದರು. ಫೋನು ಎದುರು ಮನೆಯ ಕಿಟಕಿಯಲ್ಲಿ ಕೂತು ಗುಂಯ್ ಎಂದಿತು.

ಆಮೇಲೆ ಕಾಯುವುದು. ಎದುರು ಮನೆಯಾಕೆಗೆ ಊರಿನಿಂದ ಒಂದು ಚೀಲ ಅವರೆಕಾಯಿ ಬಂದಿತ್ತು. ಹಿಂದಿನ ರಾತ್ರಿಯೇ ಸುಲಿದು ನೆನೆಹಾಕಿದ್ದ ಕಾಳನ್ನು ಅಗಲವಾದ ಪಾತ್ರೆಯಲ್ಲಿ ಮುಂದಿಟ್ಟುಕೊಂಡು ಇಬ್ಬರೂ ಕೂತರು, ನಾನೂ ಕೂತೆ. ಕಾಳನ್ನು ಬೆರಳಲ್ಲಿ ಹಿಸುಕಿದ ಕೂಡಲೇ ಬೇಳೆ ಪುಟಕ್ಕನೆ ಪಾತ್ರೆಗೆ ಹಾರಬೇಕು. ಅತ್ತೆ ಹಿಸುಕಿದ ಬೇಳೆ ಗೋಡೆಗೆ ಹೋಗಿ ಬಡಿಯುತ್ತಿತ್ತು.

ಫೋನ್ ಬಂತು. ಅತ್ತೆ ಸಿಪ್ಪೆ ಮೆತ್ತಿದ ಕೈಯಲ್ಲೇ ಎತ್ತಿದರು. ಮೊದಲು ಭಾವ ಮಾತಾಡಿ, ಆಮೇಲೆ ನಾದಿನಿಗೆ ಕೊಟ್ಟರು. ಅವಳನ್ನು ಹೆರಿಗೆಯ ಕೋಣೆಗೆ ಕರೆದೊಯ್ಯುವವರಿದ್ದರು. ನಮಗೆ ಕೇಳಿಸಿದ್ದು ಈ ಕಡೆಯ ಮಾತು ಮಾತ್ರ.

"ಹೂಂ ಕಣೇ, ನಾನೇ... ಮನೆ ಬಿಟ್ಟಾಯ್ತು. ನಿನ್ನೆನೇ ಬಿಟ್ಟೆ. ದಾರೀಲಿದೀನಿ."

ಹೊರಗೆ ಸೊಪ್ಪಿನವಳು "ದಂಟು, ಮೆಂತ್ಯ, ಸಬ್ಬಸಿಗೇ" ಎಂದು ರಾಗ ತೆಗೆದಳು. ಎದುರು ಮನೆಯಾಕೆ ಧಡಕ್ಕನೆ ಎದ್ದು ಓಡಿಹೋಗಿ ಅವಳ ಬಾಯಿಗೇ ಕೈ ಅಡ್ಡ ಹಿಡಿದರು. ಅಷ್ಟರಲ್ಲಿ ಒಲೆಯ ಮೇಲಿದ್ದ ಕುಕ್ಕರ್ ಜೋರಾಗಿ ಶಿಳ್ಳೆ ಹಾಕಿತು.

"ಅದಾ? ದಾರೀಲಿ ಏನೇನೋ ಕೂಗುತ್ತೆ ಕಣೇ, ಅದನ್ನೆಲ್ಲ ಕೇಳಿಸ್ಕೋಬೇಡ... ಇಲ್ಲ, ಇಲ್ಲ. ವಾಪಸ್ ಹೋಗಲ್ಲ. ಬರ್ತಾ ಇದೀನಿ. ವಿಮಾನಕ್ಕೆ ಎಷ್ಟು ಹೊತ್ತು ಅಂತ ನಿಂಗೇ ಗೊತ್ತಲ್ಲ. ಎರಡೂವರೆ ಗಂಟೆ."

ಫೋನು ಇಟ್ಟಮೇಲೆ ಅತ್ತೆ ನಮ್ಮ ಮುಖ ನೋಡಲಿಲ್ಲ. "ಸುಳ್ಳೇನೂ ಹೇಳ್ಲಿಲ್ಲ" ಎಂದರು, ಕೇಳದಿದ್ದರೂ. ನಿಜವೇ. ಅವರ ಶಾಸ್ತ್ರದ ಪ್ರಕಾರ ಒಂದಕ್ಷರವೂ ಸುಳ್ಳಿರಲಿಲ್ಲ. ಮತ್ತೆ ಕೂತು ಕಾಳು ಹಿಸುಕತೊಡಗಿದರು. ಈಗ ಬೇಳೆ ಪಾತ್ರೆಗೇ ಬೀಳುತ್ತಿತ್ತು.

ಮಧ್ಯಾಹ್ನ ಊಟಕ್ಕೆ ಮುಂಚೆ ಸುದ್ದಿ ಬಂತು. ಹೆಣ್ಣು ಮಗು, ಇಬ್ಬರೂ ಚೆನ್ನಾಗಿದ್ದಾರೆ. ಅತ್ತೆ ಫೋನನ್ನು ಎದೆಗವಚಿಕೊಂಡು ಅತ್ತರು. ಎದುರು ಮನೆಯಾಕೆ ಅವರಿಗಿಂತ ಜೋರಾಗಿ ಅತ್ತರು. ಈಗ ಫೋನು ಈ ಕಡೆ ಇದ್ದದ್ದರಿಂದ ಮಾವನಿಗೆ ಸುದ್ದಿಯನ್ನು ಕೂಗಿಯೇ ಹೇಳಬೇಕಾಯಿತು. "ಹೆಣ್ಣು ಮಗೂ ರೀ!" ಎಂದು ಅತ್ತೆ ಗೇಟಿನಲ್ಲಿ ನಿಂತು ಕೂಗಿದ್ದಕ್ಕೆ ಮೂಲೆಮನೆಯಿಂದ, ಅದರಾಚೆಯ ಮನೆಯಿಂದ, ಎಲ್ಲ ಕಡೆಯಿಂದ ಸಂತೋಷ ಸಂತೋಷ ಎಂಬ ದನಿಗಳು ಬಂದವು. ಬೆಳಿಗ್ಗೆ ಅಷ್ಟೆಲ್ಲ ಕೇಳಿಸಿಕೊಂಡಮೇಲೆ ಅವರಿಗೂ ಹಕ್ಕಿತ್ತು.

"ಇನ್ನಾದ್ರೂ ಮನೆಗೆ ಬಾರೇ" ಎಂದರು ಮಾವ ರಸ್ತೆ ದಾಟಿ ಬಂದು.

"ಹೋಗೋ ಊರು ಇನ್ನೂ ಸೇರಿಲ್ಲ" ಎಂದರು ಅತ್ತೆ. ಆ ರಾತ್ರಿಯೂ ಎದುರು ಮನೆಯಲ್ಲೇ ಮಲಗಿದರು. ಅಲ್ಲಿಂದ ನಗು ಕೇಳಿಸುತ್ತಿತ್ತು.

ಶುಕ್ರವಾರ ಮಂಜು ಕರಗಿತ್ತು. ತಪಾಸಣೆಯ ಬಾಗಿಲಲ್ಲಿ ಅತ್ತೆಯ ಕೊರಳಿನ ಬೆಳ್ಳಿ ಕರಡಿಗೆ ಕೀಂ ಎಂದಿತು. ಪೊಲೀಸ್ ಹೆಂಗಸು ತೆಗೆಯಿರಿ ಎನ್ನುವಂತೆ ಕೈ ಮಾಡಿದಳು. ಇಷ್ಟಲಿಂಗವನ್ನು ಮೈಯಿಂದ ಬಿಚ್ಚುವ ಮಾತೇ ಇಲ್ಲ. ಅತ್ತೆ ಅದನ್ನು ಅಂಗೈಯಲ್ಲಿ ಹಿಡಿದು, "ದೇವ್ರು ಕಣಮ್ಮ" ಎಂದರು. ಅವಳಿಗೆ ಕನ್ನಡ ಬರುತ್ತಿತ್ತೋ ಇಲ್ಲವೋ, ಕಣ್ಣಿಗೊತ್ತಿಕೊಂಡು ಬಿಟ್ಟಳು. ತೆಂಗಿನಕಾಯಿಗೆ ಮಾತ್ರ ಅಂಥ ಮರ್ಯಾದೆ ಸಿಗಲಿಲ್ಲ, ಅಲ್ಲೇ ಬಿಟ್ಟುಹೋಗಬೇಕಾಯಿತು. ಎದುರು ಮನೆಯಾಕೆ ಕೊಟ್ಟಿದ್ದ ಹಿದಕಿದ ಬೇಳೆಯ ಡಬ್ಬಿ ಪಾರಾಯಿತು.

ವಿಮಾನ ಏರಿತು, ಮೋಡ ಕಂಡಿತು, ತಿನ್ನಲು ಏನೋ ಕೊಟ್ಟರು, ಇಳಿಯಿತು. ಅಷ್ಟೆಲ್ಲ ಜಪಿಸಿದ್ದ ಎರಡೂವರೆ ಗಂಟೆಯ ಬಗ್ಗೆ ಹೇಳಲು ನನಗೆ ಇದಕ್ಕಿಂತ ಹೆಚ್ಚೇನೂ ಇಲ್ಲ. ಚಕ್ರ ನೆಲಕ್ಕೆ ತಾಕಿದಾಗ ಅತ್ತೆ ನನ್ನ ಕೈ ಬಿಟ್ಟು, "ಇಷ್ಟೇನಾ?" ಎಂದರು.

ಆಸ್ಪತ್ರೆಯ ಮಂಚದಲ್ಲಿ ನಾದಿನಿ ದಿಂಬಿಗೊರಗಿ ಕೂತಿದ್ದಳು, ಪಕ್ಕದಲ್ಲಿ ಮಗು. ತಾಯಿಯನ್ನು ಕಂಡದ್ದೇ ಅತ್ತು, ಕಣ್ಣೊರೆಸಿಕೊಂಡು ಜಗಳಕ್ಕೆ ಬಂದಳು.

"ಎರಡೂವರೆ ಗಂಟೆ ಅಂದ್ಯಲ್ಲಮ್ಮ! ಅಷ್ಟು ಹೊತ್ತು ತಾನೇ, ತಡ್ಕೊಳ್ಳೋಣ ಅಂತ ಹಲ್ಲು ಕಚ್ಚಿದ್ದೆ. ಒಂದೊಂದ್ ನೋವು ಬಂದಾಗ್ಲೂ ಅಪ್ಪನ ಅಟ್ಲಾಸ್ ನೆನಪು ಮಾಡ್ಕೊಂಡು, ಈಗ ಅಮ್ಮ ಕರ್ನೂಲು ದಾಟಿರ್ತಾಳೆ, ಈಗ ನಾಗಪುರ, ಈಗ ಝಾನ್ಸಿ ಅಂತ ಎಣಿಸ್ತಿದ್ದೆ. ನೀನು ಗ್ವಾಲಿಯರ್ ಹತ್ರ ಬಂದಾಗ ಇವಳು ಹುಟ್ಟಿದ್ಲು. ನಿಜ ಹೇಳು, ಆವಾಗ ಎಲ್ಲಿದ್ದೆ?"

ಅತ್ತೆ ಗಂಟನ್ನು ಮಂಚದ ಮೇಲಿಟ್ಟರು.

"ಎದುರು ಮನೇಲಿ" ಎಂದರು. "ಅವರೆಕಾಳು ಹಿಸುಕ್ತಿದ್ದೆ."

"ಯಾವ ಎದುರು ಮನೆ? ನುಗ್ಗೆಮರದ ಮನೇಲಾ!" ನಾದಿನಿಗೆ ನಗು ತಡೆಯಲಾಗಲಿಲ್ಲ. ನಕ್ಕರೆ ನೋಯುತ್ತದೆಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತಿದ್ದವಳು ಏನೋ ನೆನಪಾಗಿ ಥಟ್ಟನೆ ನಗು ನಿಲ್ಲಿಸಿದಳು.

"ಅಂದ್ರೆ, ಈ ಸಲಾನೂ ವಾಪಸ್ ಬಂದಿದ್ಯಾಮ್ಮ?"

"ಊರಿಗೆ ಬಂದಿದ್ದೆ ಕಣೇ" ಎಂದರು ಅತ್ತೆ. "ಮನೆಗೆ ಹೋಗ್ಲಿಲ್ಲ. ಈ ಸಲ ಹೋಗ್ಲಿಲ್ಲ."

ನಾದಿನಿ ಮಗುವನ್ನು ಎರಡೂ ಕೈಯಲ್ಲಿ ಎತ್ತಿ ತಾಯಿಯ ತೊಡೆಯ ಮೇಲೆ ಮಲಗಿಸಿದಳು.